ರೇಟಿಂಗ್ ಇಳಿಸಿಕೊಂಡ ಮಾಷ್ಟ್ರು

ಮಾಷ್ಟ್ರು ಸತ್ತ ದಿನ ನರಿಕೊಂಬಿನ ಆ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿ ಕೂತವರೆಲ್ಲ ಒಂದೇ ಮಾತು ಹೇಳುತ್ತಿದ್ದರು. ಚೆಸ್ಸಿನಲ್ಲಿ ಎರಡು ಸಾವಿರದ ಮೇಲೆ ರೇಟಿಂಗ್ ಇದ್ದ ಮನುಷ್ಯ, ಬಂಟ್ವಾಳದಲ್ಲಿ ಇನ್ನು ಅಂಥವರು ಹುಟ್ಟುವುದಿಲ್ಲ ಎಂದು. ನಾನು ಸುಮ್ಮನಿರಬೇಕಿತ್ತು. ಆ ಅಭ್ಯಾಸ ನನಗಿಲ್ಲ. ಸಾಯುವಾಗ ಅವರದ್ದು ಎರಡು ಸಾವಿರ ಇರಲಿಲ್ಲ, ಅದಕ್ಕಿಂತ ನೂರೈವತ್ತು ಕೆಳಗೆ ಇತ್ತು ಎಂದು ಹೇಳಿಬಿಟ್ಟೆ. ಹೆಣದ ಮುಂದೆ ಹೀಗೆ ಮಾತಾಡುವವಳು ಯಾರು ಎಂದು ನಾಲ್ಕು ಜನ ತಿರುಗಿ ನೋಡಿದರು. ನೋಡಲಿ. ಪಂದ್ಯದಿಂದ ಪಂದ್ಯಕ್ಕೆ ಆ ಅಂಕೆ ಇಳಿಯುವಾಗ ಹತ್ತಿರ ಇದ್ದವಳು ನಾನು. ಅದನ್ನು ಯಾರಿಗಾಗಿ ಇಳಿಸಿಕೊಂಡರು ಎಂದು ಗೊತ್ತಿರುವವಳೂ ನಾನೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚೆಸ್ ಪಂದ್ಯಗಳಿಗೆ ಹೋಗುವವರಿಗೆ ಒಂದೊಂದು ಅಂಕೆ ಉಂಟು, ಅದೇ ರೇಟಿಂಗ್. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ದೊಡ್ಡ ಅಂಕೆಯವರನ್ನು ಗೆದ್ದರೆ ತುಂಬ ಏರುತ್ತದೆ, ಸಣ್ಣ ಅಂಕೆಯವರಿಗೆ ಸೋತರೆ ತುಂಬ ಇಳಿಯುತ್ತದೆ. ಪ್ರತಿ ತಿಂಗಳ ಒಂದನೇ ತಾರೀಕಿಗೆ ಹೊಸ ಪಟ್ಟಿ ಬರುತ್ತದೆ, ಫೋನಿನಲ್ಲಿ ಇಡೀ ಲೋಕಕ್ಕೆ ಕಾಣುತ್ತದೆ. ನಾನು ನಾಲ್ಕನೇ ಕ್ಲಾಸಿನವರೆಗೆ ಹೋದವಳು, ನಲುವತ್ತು ವರ್ಷ ಬೀಡಿ ಕಟ್ಟಿದವಳು. ಕುದುರೆ ಎರಡೂವರೆ ಮನೆ ಹಾರುತ್ತದೆ ಎಂಬುದರ ಆಚೆಗೆ ನನಗೆ ಆ ಆಟ ತಿಳಿಯದು. ಆದರೆ ಮೊಮ್ಮಗಳು ದೀಕ್ಷಾಳನ್ನು ಕರೆದುಕೊಂಡು ನಾಲ್ಕು ವರ್ಷ, ವಾರಕ್ಕೆ ಎರಡು ಸಲ, ಮಡಂತ್ಯಾರಿನಿಂದ ಎರಡು ಬಸ್ಸು ಬದಲಿಸಿ ನರಿಕೊಂಬಿಗೆ ಹೋಗಿ ಅವರ ಜಗಲಿಯ ತುದಿಯಲ್ಲಿ ಕೂತಿದ್ದೇನೆ. ಸೊಸೆ ಕುವೈಟಿನಲ್ಲಿ ನರ್ಸ್. ಮಗನಿಗೆ ಮಡಂತ್ಯಾರು ಪೇಟೆಯಲ್ಲಿ ಮೊಬೈಲ್ ಅಂಗಡಿ. ಮಗುವಿನ ಹಿಂದೆ ಹೋಗುವ ಕೆಲಸ ನನಗೆ ಬಂತು.

ಮಾಷ್ಟ್ರು ಎಂದರೆ ಶಾಲೆಯ ಮಾಷ್ಟ್ರಲ್ಲ. ನೇತ್ರಾವತಿಯ ನೀರಿನ ಮಟ್ಟ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಹೊಳೆಯ ದಡದಲ್ಲಿ ಅಂಕೆ ಬರೆದ ಕಂಬ ಇರುತ್ತದಲ್ಲ, ದಿನಕ್ಕೆ ಮೂರು ಹೊತ್ತು ಅದರ ಹತ್ತಿರ ಇಳಿದು ನೀರು ಎಷ್ಟರಲ್ಲಿ ಉಂಟು ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಮಳೆಗಾಲದಲ್ಲಿ ಗಂಟೆಗೊಮ್ಮೆ. ಸಪೂರ ಮನುಷ್ಯ, ಮದುವೆಯಾಗಿರಲಿಲ್ಲ, ಅಣ್ಣನ ಮಗನ ಸಂಸಾರದೊಟ್ಟಿಗೆ ಇದ್ದರು. ಅಂಗಿಯ ಮೇಲಿನ ಗುಂಡಿಯನ್ನೂ ಬಿಡದೆ ಹಾಕುತ್ತಿದ್ದರು. ಅಷ್ಟು ವರ್ಷ ಹೊಳೆಯ ಕೆಲಸ ಮಾಡಿದವರಿಗೆ ಈಜು ಬರುತ್ತಿರಲಿಲ್ಲ. ನೀರಿಗೆ ಬೆನ್ನು ಹಾಕಿ ಅವರು ನಿಂತದ್ದನ್ನು ನಾನು ನೋಡಿಲ್ಲ. ಹೊಳೆಯ ಮೆಟ್ಟಿಲು ಹತ್ತುವಾಗಲೂ ಅಡ್ಡಡ್ಡ, ಏಡಿಯ ಹಾಗೆ ಹತ್ತುತ್ತಿದ್ದರು. ಹೆದರಿಕೆಯಾ ಮಾಷ್ಟ್ರೇ ಎಂದು ಒಮ್ಮೆ ಕೆಣಕಿದೆ.

"ಹೆದರಿಕೆ ಇಲ್ಲದವರನ್ನು ಈ ಕೆಲಸಕ್ಕೆ ತೆಗೊಳ್ಳಲೇಬಾರದು ಅಕ್ಕ" ಎಂದರು. "ಕಂಬ ನೋಡ್ಲಿಕ್ಕೆ ಹೋಗಿ ಕಂಬದ ಒಟ್ಟಿಗೇ ಹೋಗ್ತಾರೆ."

ಮೇಲಿನ ಆಫೀಸಿನಿಂದ ಫೋನು ಬಂದು ನೀರು ಹೇಗುಂಟು ಎಂದು ಕೇಳಿದರೆ ಏರಿತು ಎಂದೂ ಇಳಿಯಿತು ಎಂದೂ ಹೇಳುತ್ತಿರಲಿಲ್ಲವಂತೆ. "ಈಗ ಇಷ್ಟು" ಎಂದು ಅಂಕೆ ಹೇಳಿ ಇಟ್ಟುಬಿಡುವುದು. ಆ ಮಾತು ಅವರ ಬಾಯಿಗೆ ಅಂಟಿಕೊಂಡಿತ್ತು. ತರಕಾರಿಯ ಕ್ರಯ ಕೇಳಿದರೂ, ಶುಗರ್ ಎಷ್ಟುಂಟು ಎಂದು ಕೇಳಿದರೂ, ಈಗ ಇಷ್ಟು.

ಜಗಲಿಯಲ್ಲಿ ಐದು ಬೋರ್ಡು. ಅಲ್ಲಿ ಒಂದು ಕ್ರಮ ಇತ್ತು. ಆಟ ಮುಗಿದ ಮೇಲೆ ಸೋತವರು ತಾವು ಎಲ್ಲಿ ತಪ್ಪಿದೆವು ಎಂದು ಗೆದ್ದವರಿಗೆ ಹೇಳಬೇಕು, ಗೆದ್ದವರು ಬಾಯಿ ಮುಚ್ಚಿ ಕೇಳಬೇಕು. ಇದೆಂಥ ಶಿಕ್ಷೆ, ಮೊದಲೇ ಸೋತ ಮಕ್ಕಳು ಎಂದು ನಾನು ಜಗಳ ಮಾಡಿದ್ದೆ. ಗೆದ್ದವನ ಹತ್ತಿರ ಹೇಳಲಿಕ್ಕೆ ಏನೂ ಇರುವುದಿಲ್ಲ, ಸೋತವನ ಹತ್ತಿರ ಮಾತ್ರ ಸುದ್ದಿ ಇರುತ್ತದೆ ಎಂದು ಅವರ ವಾದ. ರೇಟಿಂಗಿನ ಮಾತು ಎತ್ತುವ ತಂದೆತಾಯಿಯರನ್ನು ಅವರು ಚಪ್ಪಲಿ ಬಿಡುವಲ್ಲಿಯೇ ನಿಲ್ಲಿಸುತ್ತಿದ್ದರು. ಅದೂ ಸರಿಯೆ, ಆದರೆ ಅವರದ್ದೇ ರೇಟಿಂಗ್ ಎರಡು ಸಾವಿರದ ನಲುವತ್ತು ಎಂಬುದು ಊರಿಗೆಲ್ಲ ಗೊತ್ತಿತ್ತು. ನಾನು ಮೊಮ್ಮಗಳನ್ನು ಅಲ್ಲಿಗೆ ಸೇರಿಸಿದ್ದೂ ಆ ಅಂಕೆ ಕೇಳಿಯೇ.

ದೀಕ್ಷಾಳಿಗೆ ಹನ್ನೆರಡು ಆಗುವಾಗ ಮೊದಲ ರೇಟಿಂಗ್ ಬಂತು. ಸಾವಿರದ ಆರುನೂರ ಎಂಬತ್ತೇಳು. ಅವಳ ವಯಸ್ಸಿಗೆ ಅದು ದೊಡ್ಡದಂತೆ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಪಾಸಾದರೂ ಫ್ಲೆಕ್ಸ್, ಕಬಡ್ಡಿಯಲ್ಲಿ ಕಪ್ ಬಂದರೂ ಫ್ಲೆಕ್ಸ್. ನನ್ನ ಮಗ ಬಿಡುತ್ತಾನಾ? ಪೇಟೆಯ ತಿರುವಿನಲ್ಲಿ ಕಟ್ಟಿಸಿದ. ಮಗುವಿನ ಫೋಟೋ, ಹೆಸರು, ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಆ ಅಂಕೆ. ನಾನೂ ಹೋಗಿ ಅದರ ಕೆಳಗೆ ನಿಂತು ಸಂತೋಷಪಟ್ಟವಳೇ. ಈಗ ಇಲ್ಲ ಎಂದರೆ ಸುಳ್ಳಾಗುತ್ತದೆ. ಫೋನಿನಲ್ಲಿ ಅದರ ಫೋಟೋ ತೋರಿಸಿದಾಗ ಮಾಷ್ಟ್ರು ಹತ್ತಿರ ಹಿಡಿದು ನೋಡಿದರು.

"ಹೆಸರು ಸಾಕಿತ್ತಲ್ಲ ಅಕ್ಕ. ಅಂಕೆ ಎಂತಕ್ಕೆ ಹಾಕಿದ್ದು?"

ಮಕ್ಕಳ ಲೆಕ್ಕವೇ ಬೇರೆ ಎಂದು ಅವರು ಆ ದಿನ ನನಗೆ ಬಿಡಿಸಿ ಹೇಳಿದರು. ಒಂದು ಆಟಕ್ಕೆ ದೊಡ್ಡವರಿಗೆ ಎಷ್ಟು ಏರುತ್ತದೋ ಇಳಿಯುತ್ತದೋ, ಮಕ್ಕಳಿಗೆ ಅದರ ಎರಡು ಪಾಲು. ಅದಲ್ಲದೆ ಮೊದಲ ಅಂಕೆ ಹುಟ್ಟುವುದೇ ಕೆಲವು ಆಟಗಳಿಂದ. ನಾಲ್ಕು ದಿನ ಹುಡುಗನನ್ನು ನೋಡಿ ಒಳ್ಳೆಯವ ಎಂದು ಹೆಣ್ಣು ಕೊಟ್ಟ ಹಾಗೆ ಅದು, ಐದನೇ ದಿನ ಗೊತ್ತಾಗುತ್ತದೆ ಎಂದರು. ನಾನು ನಕ್ಕೆ. ಹೊಟ್ಟೆಕಿಚ್ಚು ಇರಬೇಕು ಎಂದೂ ಒಂದು ಗಳಿಗೆ ಎಣಿಸಿದೆ.

ಐದನೇ ದಿನ ಬಂತು. ಒಂದು ಪಂದ್ಯದಲ್ಲಿ ಅರುವತ್ತು ಹೋಯಿತು, ಮತ್ತೊಂದರಲ್ಲಿ ಮೂವತ್ತು ಬಂತು, ಮತ್ತೆ ಎಪ್ಪತ್ತು ಹೋಯಿತು. ಹೀಗೆಯೇ ಹೋಗಿ ಬಂದು ಎಂಟು ತಿಂಗಳಲ್ಲಿ ಸಾವಿರದ ಐನೂರ ಎರಡಕ್ಕೆ ನಿಂತಿತು. ಮಗ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಂದನೇ ತಾರೀಕು ಬೆಳಿಗ್ಗೆ ತಿಂಡಿ ತಿನ್ನುವಾಗ ಫೋನು ತೆರೆದು ನೋಡುವುದು, ಮಾತಾಡದೆ ಕವುಚಿ ಇಡುವುದು, ಅಷ್ಟೇ. ಮಗು ಆ ಫೋನಿನ ಬೆನ್ನನ್ನು ನೋಡುತ್ತ ಕೂರುತ್ತಿದ್ದಳು. ಶಾಲೆಯ ವ್ಯಾನು ದಿನವೂ ಆ ಫ್ಲೆಕ್ಸಿನ ಕೆಳಗಿನಿಂದಲೇ ಹೋಗಬೇಕು. ಜೊತೆಯ ಮಕ್ಕಳು ಮೇಲೆ ನೋಡಿ, ಈಗ ಎಷ್ಟು ಈಗ ಎಷ್ಟು ಎಂದು ಕೇಳುವುದು.

ಮೊದಲು ಅವಳು ಬೆಳಗಿನ ತಿಂಡಿ ಬಿಟ್ಟಳು. ಆಮೇಲೆ ಮಧ್ಯಾಹ್ನದ ಬುತ್ತಿ ಹಾಗೆಯೇ ವಾಪಸು ಬರಲು ಶುರುವಾಯಿತು. ಒಂದು ದಿನ ತಲೆ ಬಾಚುವಾಗ ನೋಡುತ್ತೇನೆ, ಎಡಗಡೆಯ ಹುಬ್ಬು ಅರ್ಧ ಇಲ್ಲ. ಒಂದೊಂದೇ ಕೂದಲು ಕಿತ್ತು ಹಾಕಿದ್ದಾಳೆ. ಯಾಕೆ ಕಿತ್ತದ್ದು ಎಂದರೆ ಗೊತ್ತಾಗಲಿಲ್ಲ ಅಜ್ಜಿ ಎಂದಳು. ನಾನು ನಾಲ್ಕು ಹೆತ್ತು ಎರಡು ಕಳೆದುಕೊಂಡವಳು, ನನ್ನನ್ನು ಹೆದರಿಸುವುದು ಸುಲಭವಲ್ಲ. ಆ ಹುಬ್ಬು ನೋಡಿ ನನ್ನ ಕೈಯಿಂದ ಬಾಚಣಿಗೆ ಬಿತ್ತು.

ಒಂದು ಶನಿವಾರ ಮಧ್ಯಾಹ್ನ ಅವಳು ಬಾವಿಕಟ್ಟೆಯ ಮೇಲೆ ಕೂತಿದ್ದಳು. ಕಾಲು ಒಳಗಡೆ. ನಾನು ಓಡಲಿಲ್ಲ, ಓಡಿದರೆ ಬೆಚ್ಚಿಬೀಳುತ್ತಾಳೆ ಎಂದು. ಬೀಡಿಯ ಎಲೆ ಕತ್ತರಿಸುವ ಕತ್ತರಿ ಕೈಯಲ್ಲೇ ಇತ್ತು. ಮೆಲ್ಲನೆ ಹೋಗಿ, ಎಂತ ಮಾಡ್ತಿ ಎಂದು ಕೇಳಿದೆ.

"ಎಂತ ಇಲ್ಲ ಅಜ್ಜಿ. ನೀರು ನೋಡ್ತಾ ಇದ್ದೇನೆ."

ರಟ್ಟೆ ಹಿಡಿದು ಈಚೆಗೆ ಎಳೆದೆ. ಆ ಸಂಜೆಯೇ ಬಾವಿಗೆ ಹಲಗೆ ಮುಚ್ಚಿಸಿದೆ. ಮಗನಿಗೆ ಹೇಳಿದರೆ, ಮಕ್ಕಳು ಕೂರುವುದಿಲ್ಲವಾ, ನೀವು ಎಲ್ಲವನ್ನೂ ದೊಡ್ಡದು ಮಾಡುತ್ತೀರಿ ಎಂದ. ಅವನ ಮುಖ ಬಿಳುಚಿದ್ದು ಅವನಿಗೆ ಗೊತ್ತಾಗಲಿಲ್ಲ. ಮರುದಿನ ಸೊಪ್ಪು ಕಡಿಯುವ ಕತ್ತಿ ಹಿಡಿದು ಪೇಟೆಗೆ ಹೋಗಿ ಫ್ಲೆಕ್ಸಿನ ಹಗ್ಗ ನಾನೇ ಕಡಿದೆ. ಮಗ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ದೈವಕ್ಕೂ ಹರಕೆ ಹೇಳಿದೆ. ಅಂಕೆ ಮೊದಲಿನ ಜಾಗಕ್ಕೆ ಏರಿದರೆ ಬಾಳೆಗೊನೆ ಎಂದು. ಅದನ್ನು ಮಾಷ್ಟ್ರಿಗೆ ಹೇಳಿದಾಗ ಅವರು, ಎದುರು ಕೂರುವ ಮಗುವಿನ ಅಜ್ಜಿಯೂ ಅದೇ ದೈವಕ್ಕೆ ಹೇಳಿದ್ದರೆ ದೈವ ಎಂತ ಮಾಡಬೇಕು, ಡ್ರಾ ಕೊಡಬೇಕಾ ಎಂದರು. ನನಗೆ ನಗು ಬರಲಿಲ್ಲ. ಬಾವಿಯ ಸುದ್ದಿ ಹೇಳಿದೆ, ಹುಬ್ಬಿನ ಸುದ್ದಿ ಹೇಳಿದೆ. ಅವರ ನಗುವೂ ನಿಂತಿತು. ಮೊದಲು ಡಾಕ್ಟರಿಗೆ ತೋರಿಸಿ, ಚೆಸ್ ಆಮೇಲೆ ಎಂದರು. ಇದು ಕಣ್ಣು ಬಿದ್ದದ್ದಲ್ಲ, ತಡ ಮಾಡಬೇಡಿ ಎಂದು ಎರಡು ಸಲ ಹೇಳಿದರು. ಹಾಗೆ ಮಂಗಳೂರಿನಲ್ಲಿ ಮಕ್ಕಳ ಮನಸ್ಸಿನ ಡಾಕ್ಟರಮ್ಮನಿಗೆ ತೋರಿಸಲು ಶುರು ಮಾಡಿದೆವು. ಮಗನೂ ಬಂದ. ಒಂದನೇ ತಾರೀಕಿಗೆ ಫೋನು ತೆರೆಯಬಾರದು ಎಂದು ಆ ಅಮ್ಮ ಅವನಿಗೆ ಹೇಳಿದ್ದು ನನಗೆ ಔಷಧಕ್ಕಿಂತ ಹಿತವಾಯಿತು.

ಆದರೆ ನನ್ನ ತಲೆಯಲ್ಲಿ ಬೇರೆ ಉಪಾಯ ಕೂತಿತ್ತು. ಆಡಿದರಲ್ಲವಾ ಸೋಲುವುದು. ಇನ್ನು ಪಂದ್ಯಕ್ಕೆ ಕಳಿಸುವುದೇ ಬೇಡ, ಸಾವಿರದ ಐನೂರ ಎರಡಾದರೂ ಉಳಿಯಲಿ. ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿ ಇಡುವುದಿಲ್ಲವಾ, ಹಾಗೆ. ಇದನ್ನು ಹೇಳಿದಾಗ ಮಾಷ್ಟ್ರು ಜಗಲಿಯ ಕಂಬ ಹಿಡಿದುಕೊಂಡರು. ಅವರ ಮುಖದಲ್ಲಿ ನಾನು ಎಂದೂ ಕಾಣದ ಬಣ್ಣ ಕಂಡಿತು.

"ನಾನೂ ಅದನ್ನೇ ಮಾಡಿದ್ದು ಅಕ್ಕ."

ಎರಡು ಸಾವಿರದ ನಲುವತ್ತು ಬಂದದ್ದು ಇಪ್ಪತ್ತೈದು ವರ್ಷದ ಹಿಂದೆಯಂತೆ. ಆಗ ಈ ಕಡೆಯಲ್ಲಿ ಅಂಥದ್ದು ಯಾರಿಗೂ ಇರಲಿಲ್ಲ. ಆಫೀಸಿನಲ್ಲಿ ಸನ್ಮಾನ ಮಾಡಿದರು, ಪೇಪರಿನಲ್ಲಿ ಬಂತು. ಮುಂದಿನ ಪಂದ್ಯಕ್ಕೆ ಹೆಸರು ಕೊಟ್ಟು, ಜ್ವರ ಎಂದು ಹೋಗಲಿಲ್ಲ. ಅದರ ಮುಂದಿನದಕ್ಕೆ ರಜೆ ಇಲ್ಲ ಎಂದರು. ಆಮೇಲೆ ಯಾರೂ ಕೇಳಲೂ ಇಲ್ಲ. ಆಡದವನ ಅಂಕೆಯನ್ನು ಯಾರೂ ಮುಟ್ಟುವುದಿಲ್ಲ, ಅದು ಪಟ್ಟಿಯ ಒಂದು ಮೂಲೆಯಲ್ಲಿ ಹಾಗೆಯೇ ಇರುತ್ತದೆ. ಇಪ್ಪತ್ತೈದು ವರ್ಷ ಮಕ್ಕಳಿಗೆ ಸೋಲುವುದು ಹೇಗೆ ಎಂದು ಕಲಿಸಿದರು, ತಾವು ಸೋಲುವ ಜಾಗಕ್ಕೆ ಕಾಲಿಡಲಿಲ್ಲ. ಒಂದು ಆಟವನ್ನು ಪೂರ್ತಿ ಆಡಿದ್ದು ಯಾವಾಗ ಎಂದು ನೆನಪಿಲ್ಲ ಎಂದರು. ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಆ ಅಂಕೆ ಕೇಳಿಯೇ ಅಲ್ಲವಾ ನಾವು ಬಂದದ್ದು.

ಅಲ್ಲೇ ಬೋರ್ಡಿನ ಮುಂದೆ ಕೂತಿದ್ದ ದೀಕ್ಷಾ ಎಲ್ಲ ಕೇಳಿಸಿಕೊಂಡಿದ್ದಳು. ಮಾಷ್ಟ್ರು ಅವಳನ್ನು ಕರೆದು, ನೀನು ದಿನಕ್ಕೆ ಎರಡು ಗಂಟೆ ಕಲಿಯುತ್ತಿ, ಆದರೂ ಇಳಿಯುತ್ತದೆ, ಅದು ಹೇಗೆ ಎಂದು ಗೊತ್ತುಂಟಾ ಎಂದು ಕೇಳಿದರು. ಚಾರ್ಮಾಡಿ ಘಟ್ಟದಲ್ಲಿ ಮಳೆ ಹೊಡೆಯುವಾಗ ಬಂಟ್ವಾಳದಲ್ಲಿ ಬಿಸಿಲು ಇರುತ್ತದೆ. ಕಂಬದಲ್ಲಿ ನೀರು ನಿನ್ನೆಯಷ್ಟೇ, ಕೆಲವೊಮ್ಮೆ ನಿನ್ನೆಗಿಂತ ಕಡಿಮೆ. ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ಗಂಟೆಗಟ್ಟಲೆ ಆದ ಮೇಲೆ ಆ ನೀರು ಇಲ್ಲಿಗೆ ಮುಟ್ಟುವುದು. ನೀನು ಈಗ ಕಲಿಯುವುದು ಘಟ್ಟದ ಮಳೆ, ಅಂಕೆ ಇಲ್ಲಿಯ ಕಂಬ, ಎಂದರು. ಚೆನ್ನಾಗಿ ಹೇಳಿದರು. ನನಗೂ ಸಮಾಧಾನವಾಯಿತು. ಮಗುವಿಗೆ ಆಗಲಿಲ್ಲ.

"ಮೇಲೆ ಮಳೆಯೇ ಬರದಿದ್ರೆ ಸರ್? ನಾನು ಇಷ್ಟೇ ಆದ್ರೆ?"

"ಅದು ನನಗೂ ಗೊತ್ತಿಲ್ಲ ಮಗಾ. ಅದಕ್ಕೇ ಹೆದರಿಕೆ ಆಗುದು."

"ನಿಮಗೂ ಆಗ್ತದಾ?"

"ನನಗೆ ಇಪ್ಪತ್ತೈದು ವರ್ಷದಿಂದ ಆಗ್ತಾ ಉಂಟು."

ಅವಳು ಅವರನ್ನು ದಿಟ್ಟಿಸಿ ನೋಡಿದಳು. ಹಾಗೆ ಅವಳು ಯಾರನ್ನಾದರೂ ನೋಡಿ ಎರಡು ತಿಂಗಳಾಗಿತ್ತು. ಆಮೇಲೆ, ನೀವು ಆಡಿದರೆ ನಾನೂ ಆಡುತ್ತೇನೆ ಎಂದಳು. ಡಾಕ್ಟರಮ್ಮನನ್ನು ಕೇಳಿದೆ. ಅವಳಾಗಿಯೇ ಕೇಳಿದರೆ ತಡೆಯಬೇಡಿ, ಜೊತೆಗಿರಿ ಎಂದರು. ಮುಂದಿನ ಪಂದ್ಯ ಮೂಡುಬಿದಿರೆಯಲ್ಲಿ ಇತ್ತು. ಎರಡು ದಿನ, ಆರು ಆಟ. ಇಬ್ಬರ ಹೆಸರನ್ನೂ ಕೊಟ್ಟರು.

ಆ ಬೆಳಿಗ್ಗೆ ಬಂಟ್ವಾಳದಲ್ಲಿ ನಾವು ಮೂವರೂ ಮೂಡುಬಿದಿರೆಯ ಬಸ್ಸು ಹತ್ತಿದೆವು. ಸಿದ್ಧಕಟ್ಟೆ ಬರುವಾಗ ಮಾಷ್ಟ್ರು ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿದರು. ಬಸ್ಸಿನ ತಿರುವಿಗೆ ಎಂದರು. ನಾನು ಲಿಂಬೆಹುಳಿ ಕೊಟ್ಟೆ. ದೀಕ್ಷಾ ಏನೂ ಹೇಳದೆ ತನ್ನ ನೀರಿನ ಬಾಟಲಿ ಅವರಿಗೆ ದಾಟಿಸಿದಳು. ಸಭಾಂಗಣದ ಒಳಗೆ ಮನೆಯವರನ್ನು ಬಿಡುವುದಿಲ್ಲ, ನಾನು ಹೊರಗೆ ಕಿಟಕಿಯ ಸರಳು ಹಿಡಿದು ನಿಂತೆ. ಮಾಷ್ಟ್ರ ಎದುರು ಕೂತದ್ದು ಒಂದು ಪೋರಿ, ಅದರ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಒಂದೊಂದು ನಡೆ ಆದ ಮೇಲೆ ಗಡಿಯಾರದ ಗುಂಡಿ ಒತ್ತಲು ಅದು ಕುರ್ಚಿಯಿಂದ ಏಳಬೇಕು. ಒಂದೂವರೆ ಗಂಟೆಯಲ್ಲಿ ಆ ಪೋರಿ ಇವರನ್ನು ಸೋಲಿಸಿತು. ಸುತ್ತಲಿನವರು ಪಿಸುಗುಟ್ಟಿದರು. ಒಬ್ಬ ಫೋಟೋ ತೆಗೆದ. ಎರಡನೆಯದನ್ನು ಗೆದ್ದರು, ಮೂರನೆಯದನ್ನು ಮತ್ತೆ ಸೋತರು. ದೀಕ್ಷಾಳದ್ದೂ ಅಷ್ಟೇ, ಒಂದು ಗೆಲುವು, ಎರಡು ಸೋಲು.

ಅಲ್ಲಿಯ ಕ್ರಮವೇನೆಂದರೆ ಅಷ್ಟರವರೆಗೆ ಸಮಸಮ ಗೆದ್ದಿರುವವರನ್ನು ಒಬ್ಬರಿಗೊಬ್ಬರು ಎದುರು ಹಾಕುತ್ತಾರೆ. ಗೆಲ್ಲುವವರಿಗೆ ಗೆಲ್ಲುವವರು, ಸೋಲುವವರಿಗೆ ಸೋಲುವವರು. ಸಂಜೆ ಬಸ್ಸಿನಲ್ಲಿ ಬರುವಾಗ ಮರುದಿನದ ಪಟ್ಟಿ ಫೋನಿಗೆ ಬಂತು. ನಾಲ್ಕನೇ ಆಟ, ದೀಕ್ಷಾಳಿಗೆ ಎದುರು ಮಾಷ್ಟ್ರು.

ಮಗು ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ನಾನು ಯಾರ ಹತ್ತಿರವೂ ಬೇಡಿದವಳಲ್ಲ. ಆ ದಿನ ಬೇಡಿದೆ.

"ನಾಳೆ ಸೋತುಬಿಡಿ ಮಾಷ್ಟ್ರೇ. ನಿಮ್ಮದು ಹೇಗೂ ಹೋಗಿ ಆಯ್ತು. ಮಗು ಉಳಿಲಿ."

ಮಗು ನಿದ್ದೆಯಲ್ಲಿದ್ದಾಳಾ ಎಂದು ಅವರು ಮುಂದಕ್ಕೆ ಬಗ್ಗಿ ನೋಡಿದರು. "ಅವಳಿಗೆ ಗೊತ್ತಾಗ್ತದೆ ಅಕ್ಕ. ಆಮೇಲೆ ಅವಳು ಗೆದ್ದ ಒಂದು ಆಟವನ್ನೂ ನಂಬುದಿಲ್ಲ. ನನಗೆ ಧೈರ್ಯ ಉಂಟು ಅಂತ ಹೇಳುದಲ್ಲ. ನಾಳೆ ಅವಳು ಸೋತು ಎಂತಾದ್ರೂ ಆದ್ರೆ, ಮತ್ತೆ ನಾನು ಇರುದು ಹೇಗೆ ಅಂತ ನನಗೆ ಗೊತ್ತಿಲ್ಲ."

ಮರುದಿನ ಬೆಳಿಗ್ಗೆ ಆ ಆಟ ಎರಡು ಗಂಟೆಗಿಂತ ಹೆಚ್ಚು ನಡೆಯಿತು. ದೀಕ್ಷಾಳ ಮುಖ ನನಗೆ ಕಾಣುತ್ತಿರಲಿಲ್ಲ, ಬೆನ್ನು ಕಾಣುತ್ತಿತ್ತು. ಮಾಷ್ಟ್ರು ಕಾಯಿ ಎತ್ತುವಾಗಲೆಲ್ಲ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಕೊನೆಗೆ ಅವಳು ಸೋತೆ ಎಂದು ತನ್ನ ರಾಜನನ್ನು ಮಲಗಿಸಿದಳು. ಅವರಿಬ್ಬರೂ ಕೂಡಲೇ ಏಳಲಿಲ್ಲ. ಅವಳು ಬೋರ್ಡಿನ ಒಂದು ಕಡೆಗೆ ಬೆರಳು ಇಟ್ಟು ಮೆಲ್ಲನೆ ಏನೋ ಹೇಳುತ್ತಿದ್ದಳು. ಮಾಷ್ಟ್ರು ಬಾಯಿ ಮುಚ್ಚಿ ಕೇಳುತ್ತಿದ್ದರು. ಬೆವರಿ ಅವರ ಅಂಗಿ ಮೈಗೆ ಅಂಟಿತ್ತು.

ಹೊರಗೆ ಬಂದವಳು ನನ್ನನ್ನು ನೋಡದೆ ನಳ್ಳಿಯ ಕಡೆಗೆ ಹೋದಳು. ನಾನು ಹಿಂದೆಯೇ ಹೋದೆ. ಮುಖ ತೊಳೆದಳು, ಬಾತ್ರೂಮಿಗೆ ಹೋದಳು, ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ನಾಚಿಕೆ ಇಲ್ಲದೆ ಹೇಳುತ್ತೇನೆ, ಒಳಗೆ ನೀರಿನ ಸದ್ದು ನಿಂತಾಗ ನಾನು ಬಾಗಿಲು ಬಡಿದೆ. ಸಾಕು, ಮನೆಗೆ ಹೋಗುವ, ಬಸ್ಸುಂಟು ಎಂದೆ. ಇನ್ನೂ ಎರಡು ಆಟ ಉಂಟು ಅಜ್ಜಿ ಎಂದು ಅವಳು ಒಳಗೆ ಹೋಗಿಬಿಟ್ಟಳು.

ಐದನೆಯದನ್ನೂ ಸೋತಳು. ಮಾಷ್ಟ್ರೂ ಸೋತರು. ಸಭಾಂಗಣದ ಹಿಂದೆ ಕ್ಯಾಂಟೀನು ಇತ್ತು, ಅಲ್ಲಿ ಬೆಂಚಿನ ಮೇಲೆ ನಾನು ಕೂತಿದ್ದೆ. ಅವಳು ನೇರ ನನ್ನ ಮುಂದೆ ಬಂದು ನಿಂತಳು.

"ಸೋತೆ ಅಜ್ಜಿ. ಹಸಿವಾಗ್ತದೆ."

ನನಗೆ ಕೇಳಿದ್ದು ಸರಿಯಾ ಎಂದು ಗೊತ್ತಾಗಲಿಲ್ಲ. ಎದ್ದು ಹೋಗಿ ಬಿಸಿ ಗೋಳಿಬಜೆ ಎರಡು ಪ್ಲೇಟು ತಂದೆ. ಅವಳು ತಿಂದಳು. ಚಟ್ನಿ ಕೇಳಿದಳು, ಮತ್ತೆ ತಿಂದಳು. ನಾನು ಅವಳ ಗಂಟಲು ಏರಿ ಇಳಿಯುವುದನ್ನೇ ನೋಡುತ್ತಿದ್ದೆ. ಮಾಷ್ಟ್ರು ಬಂದು ಎದುರು ಕೂತರು, ಚಹಾ ಮುಂದೆ ಇಟ್ಟುಕೊಂಡು ಕುಡಿಯದೆ. ಅವರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಎಷ್ಟು ಹೋಯಿತು ಮಾಷ್ಟ್ರೇ ಎಂದು ನಾನು ಕೇಳಿದೆ. ಲೆಕ್ಕ ಹಾಕಲಿಲ್ಲ ಎಂದರು.

"ನಾನು ಹಾಕಿದ್ದೇನೆ ಸರ್" ಎಂದಳು ದೀಕ್ಷಾ, ಬಾಯಲ್ಲಿ ಗೋಳಿಬಜೆ ಇಟ್ಟುಕೊಂಡೇ. "ನನ್ನದು ಮೂವತ್ತೆಂಟು. ನಿಮ್ಮದು ಐವತ್ತೆರಡು."

"ನನ್ನದೇ ಹೆಚ್ಚಾ?"

"ಹೌದು ಸರ್. ನೀವು ಆ ಸಣ್ಣ ಮಗುವಿಗೆ ಸೋತದ್ದಲ್ವಾ, ಅದಕ್ಕೆ."

ಮಾಷ್ಟ್ರ ಮುಖ ಅಳುವ ಹಾಗಾಗಿ ನಗುವಿಗೆ ತಿರುಗಿತು. "ಬೇಗ ತಿನ್ನು ಮಗಾ. ಇನ್ನೊಂದು ಆಟ ಉಂಟು."

ಗಂಟೆ ಹೊಡೆಯಿತು. ಅವಳು ಎಣ್ಣೆಯ ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡು ಎದ್ದಳು, ಮಾಷ್ಟ್ರು ಬೆಂಚು ಹಿಡಿದು ಎದ್ದರು, ಇಬ್ಬರೂ ಒಳಗೆ ಹೋದರು. ನಾನು ನೋಡಲು ಹೋಗಲಿಲ್ಲ. ಪ್ಲೇಟಿನಲ್ಲಿ ಎರಡು ಗೋಳಿಬಜೆ ಉಳಿದಿತ್ತು. ಕೂತು ಎರಡನ್ನೂ ತಿಂದೆ.